ಸೂಜಿ-ದಾರ: ಹಾಡುವ ಹುಡುಗರ ಅಂಗಿ

ಹೋದ ತಿಂಗಳು ಶಾಲೆಯ ಗ್ಯಾದರಿಂಗ್‌ಗೆ ಬಟ್ಟೆ ಹೊಲಿಸುವ ಬಗ್ಗೆ ಬರೆಯುವಾಗ ಒಂದು ಸಾಲು ಸೇರಿಸಿದ್ದೆ. ಫ್ರಾನ್ಸಿನ ಹುಡುಗರ ಗಾಯನ ತಂಡಗಳ ಉಡುಪು ನೋಡಿ, ಅದರಲ್ಲಿ ಕಲಿಯುವುದು ಬಹಳ ಇದೆ ಅಂತ. ಬರೆದು ಮುಂದೆ ಹೋಗಿಬಿಟ್ಟಿದ್ದೆ. ಆ ಒಂದು ಸಾಲಿಗೆ ಇಷ್ಟು ಪತ್ರ ಬರುತ್ತವೆ ಅಂತ ಅಂದುಕೊಂಡಿರಲಿಲ್ಲ. ಗೋಕಾಕ, ಜಮಖಂಡಿ, ವಿಜಯಪುರ, ಇಲ್ಲೇ ಬೆಳಗಾವಿಯ ಶಹಾಪುರ, ಕೊನೆಗೆ ಹುನಗುಂದದ ಒಬ್ಬ ಹುಡುಗ. ಹಾಗಾಗಿ ಈ ಸಲ ಬ್ಲೌಸಿನ ಕಟಿಂಗು, ಸೀರೆಯ ಫಾಲು ಎಲ್ಲ ಪಕ್ಕಕ್ಕೆ ಇಡೋಣ. ಅವಕ್ಕೆ ಮುಂದಿನ ಸಂಚಿಕೆಯಲ್ಲಿ ಖಂಡಿತ ಉತ್ತರ ಕೊಡುತ್ತೇನೆ.

ಅಕ್ಕಾವರೆ, ನೀವು ಬರೆದದ್ದು ಓದಿ ಒಂದು ಫ್ರೆಂಚ್ ತಂಡದ ವಿಡಿಯೋ ಹುಡುಕಿ ನೋಡಿದೆ. ಮೊದಲ ಅರ್ಧದಲ್ಲಿ ಎಲ್ಲ ಹುಡುಗರೂ ಪಾದದವರೆಗೆ ಬಿಳಿ ಗೌನು, ಎದೆಯ ಮೇಲೆ ಮರದ ಶಿಲುಬೆ. ಆಮೇಲೆ ಅದೇ ಹುಡುಗರು ನೀಲಿ ಚಡ್ಡಿ, ಬಿಳಿ ಅಂಗಿ ಹಾಕಿಕೊಂಡು ಬಂದರು. ಎರಡು ಥರ ಯಾಕೆ? ಆ ಗೌನು ಯಾರು ಶುರು ಮಾಡಿದ್ದು?
– ಸಂಗೀತ ಶಿಕ್ಷಕ, ಗೋಕಾಕ

ಸರ್, ಎರಡು ಥರ ಯಾಕೆ ಅನ್ನುವುದಕ್ಕೆ ಉತ್ತರ ನಮ್ಮ ಮನೆಯಲ್ಲೇ ಇದೆ. ಮಡಿ ಉಟ್ಟು ಪೂಜೆ ಮಾಡಿದವರು ಅದೇ ಮಡಿಯಲ್ಲಿ ಸಂತೆಗೆ ಹೋಗುವುದಿಲ್ಲ, ಅಲ್ವಾ? ಅಲ್ಲೂ ಹಾಗೇ. ದೇವರ ಹಾಡಿಗೆ ಬಿಳಿ ನಿಲುವಂಗಿ. ಊರ ಹಾಡು, ಜನಪದ ಹಾಡು, ಕುಣಿಯುವ ಹಾಡು ಬಂದಾಗ ಬೇರೆ ಬಟ್ಟೆ. ನಡುವೆ ಬಿಡುವಿನಲ್ಲಿ ಹುಡುಗರು ಒಳಗೆ ಹೋಗಿ ಬದಲಾಯಿಸಿಕೊಂಡು ಬರುತ್ತಾರೆ.

ಆ ನಿಲುವಂಗಿಗೆ ಫ್ರೆಂಚಿನಲ್ಲಿ ‘ಓಬ್’ ಅಂತಾರೆ. ಲ್ಯಾಟಿನ್ನಿನ ‘ಆಲ್ಬಾ’ದಿಂದ ಬಂದ ಹೆಸರು. ಅಂದರೆ ಬಿಳಿ. ಹಳೆಯ ರೋಮಿನ ಜನ ತೊಡುತ್ತಿದ್ದ ಉದ್ದ ಅಂಗಿಯೇ ಚರ್ಚಿನೊಳಗೆ ಬಂದು ಉಳಿದುಕೊಂಡಿತು. ಹೊರಗಿನ ಜನ ಫ್ಯಾಷನ್ ಬದಲಾಯಿಸುತ್ತ ಹೋದರು, ಇದು ಮಾತ್ರ ಹಾಗೇ ನಿಂತಿತು. ಫ್ರೆಂಚಿನಲ್ಲಿ ‘ಓಬ್’ ಅಂದರೆ ನಸುಕು ಅಂತಲೂ ಅರ್ಥ ಇದೆ. ಹುಡುಗರ ಹಾಡಿನ ಶಾಲೆಗೆ ಅಲ್ಲಿ ‘ಮಾನೆಕಾಂತ್ರಿ’ ಅನ್ನುವ ಹೆಸರೂ ಉಂಟು. ‘ಬೆಳಿಗ್ಗೆ’, ‘ಹಾಡು’ ಅನ್ನುವ ಎರಡು ಲ್ಯಾಟಿನ್ ಮಾತು ಕೂಡಿ ಆದದ್ದು. ನಸುಕಿನ ಹೆಸರಿನ ಅಂಗಿ ತೊಟ್ಟು ಬೆಳಗಿನ ಹಾಡು ಹಾಡುವ ಹುಡುಗರು! ಚಳಿಯಲ್ಲಿ ನಸುಕಿಗೆ ಎದ್ದು ತಾಳ ಹಿಡಿದು ಓಣಿ ಓಣಿ ಭಜನೆ ಸುತ್ತುವವರನ್ನು ನೋಡಿ ಬೆಳೆದ ನನಗೆ ಈ ಹೆಸರು ಕೇಳಿದಾಗ ಮೈ ಜುಮ್ ಅಂದಿತ್ತು.

ಈಗ ಯಾರು ಶುರು ಮಾಡಿದರು ಅನ್ನುವುದು. ಫ್ರಾನ್ಸಿನ ದೊಡ್ಡ ಚರ್ಚುಗಳಲ್ಲಿ ಹುಡುಗರ ಹಾಡಿನ ಶಾಲೆಗಳು ನೂರಾರು ವರ್ಷ ನಡೆದಿದ್ದವು. 1789ರ ಕ್ರಾಂತಿಯ ಮುಂದಿನ ವರ್ಷಗಳಲ್ಲಿ ಅವನ್ನೆಲ್ಲ ಮುಚ್ಚಿದರು. ಆಮೇಲೆ ಕೆಲವು ಮತ್ತೆ ತೆರೆದವು. 1905ರಲ್ಲಿ ಚರ್ಚು ಬೇರೆ, ಸರ್ಕಾರ ಬೇರೆ ಅನ್ನುವ ಕಾನೂನು ಬಂತು, ಚರ್ಚಿಗೆ ಸರ್ಕಾರದ ದುಡ್ಡು ನಿಂತಿತು. ಅದಕ್ಕೆ ಎರಡು ವರ್ಷ ಮುಂಚೆ, 1903ರ ನವೆಂಬರಿನಲ್ಲಿ, ಹತ್ತನೇ ಪಯಸ್ ಪೋಪ್ ಚರ್ಚಿನ ಸಂಗೀತದ ಬಗ್ಗೆ ಒಂದು ಆದೇಶ ಹೊರಡಿಸಿದ್ದರು. ಮೇಲಿನ ದನಿಗೆ ಹೆಂಗಸರು ಬೇಡ, ಹುಡುಗರನ್ನೇ ಹಾಡಿಸಿ ಅಂತ ಅದರಲ್ಲಿತ್ತು. ಅದು ಆ ಕಾಲದ ಮಾತು, ಈಗ ಹಾಗಿಲ್ಲ. ನನಗೆ ಮುಖ್ಯ ಅನ್ನಿಸಿದ್ದು ಅದರ ಮುಂದಿನ ಮಾತು. ಹಾಡುವವರು ಚರ್ಚಿನ ಉಡುಪು ಹಾಕುವುದು ಒಳ್ಳೆಯದು, ಅವರು ನಿಲ್ಲುವ ಜಾಗ ಜನರ ಕಣ್ಣಿಗೆ ತೀರಾ ಬೀಳುವಂತಿದ್ದರೆ ಜಾಲರಿಯ ಹಿಂದೆ ನಿಲ್ಲಲಿ ಅಂತ.

ಜಾಲರಿಯ ಹಿಂದೆ. ಇದನ್ನು ಓದಿದ ದಿನ ನಾನು ಮಷೀನು ನಿಲ್ಲಿಸಿ ಸುಮ್ನೆ ಕೂತುಬಿಟ್ಟೆ. ನಾವು ಸ್ಟೇಜಿನ ಬಟ್ಟೆ ಅಂದರೆ ಎದ್ದು ಕಾಣಬೇಕು, ಮಿಂಚಬೇಕು ಅಂತ ಹೊಲಿಯುತ್ತೇವೆ. ಅಲ್ಲಿ ಹುಡುಗನನ್ನು ಮರೆಮಾಡಿ ದನಿಯನ್ನು ಮುಂದೆ ತರುವುದಕ್ಕೆ ಉಡುಪು. ನೋಡುವವರ ಕಣ್ಣು ಯಾವ ಹುಡುಗನ ಮೇಲೂ ನಿಲ್ಲಬಾರದು. ಆಗ ಕಿವಿ ಕೆಲಸ ಮಾಡುತ್ತದೆ.

ಇದಾಗಿ ನಾಲ್ಕು ವರ್ಷಕ್ಕೆ, 1907ರಲ್ಲಿ, ಪ್ಯಾರಿಸ್ಸಿನಲ್ಲಿ ಪಾಲ್ ಬೆರ್ತಿಯೆ, ಪಿಯೆರ್ ಮಾರ್ತಾಂ ಅನ್ನುವ ಇಬ್ಬರು ವಿದ್ಯಾರ್ಥಿಗಳು ಸೇರಿ ಹುಡುಗರ ಒಂದು ತಂಡ ಕಟ್ಟಿದರು. ಯಾವ ದೊಡ್ಡ ಚರ್ಚಿಗೂ ಅಂಟಿಕೊಂಡಿರದ ತಂಡ, ಊರೂರಿಗೆ ಹೋಗಿ ಹಾಡುವ ತಂಡ. ಅದೇ ಮುಂದೆ ‘ಮರದ ಶಿಲುಬೆಯ ಪುಟ್ಟ ಗಾಯಕರು’ ಅಂತ ಹೆಸರಾಯಿತು. ಹೆಸರಿನಲ್ಲೇ ಉಡುಪು ಇದೆ ನೋಡಿ. ಚಿನ್ನ ಬೇಡ, ಬೆಳ್ಳಿ ಬೇಡ, ಮರ ಸಾಕು. ನಮ್ಮ ಕಡೆ ಬೆಳ್ಳಿಯ ಕರಡಿಗೆ ಕಟ್ಟಿದವರೂ ಇದ್ದಾರೆ, ಬಿಳಿ ಅರಿವೆಯಲ್ಲಿ ಲಿಂಗ ಸುತ್ತಿ ಕೊರಳಿಗೆ ಹಾಕಿಕೊಂಡವರೂ ಇದ್ದಾರೆ. ಎರಡನ್ನೂ ನೋಡಿದವರಿಗೆ ಆ ಮರದ ಶಿಲುಬೆ ಏನು ಹೇಳುತ್ತದೆ ಅಂತ ಬೇರೆ ವಿವರಿಸಬೇಕಿಲ್ಲ. (ಬೆರ್ತಿಯೆಯವರ ಮಗ ಜಾಕ್ ಬೆರ್ತಿಯೆ ದೊಡ್ಡವರಾದ ಮೇಲೆ ತೈಜೆ ಮಠದ ಹಾಡುಗಳಿಗೆ ರಾಗ ಕೂಡಿಸಿದರು, ಅವನ್ನು ಜಗತ್ತಿನ ಎಷ್ಟೋ ಚರ್ಚುಗಳಲ್ಲಿ ಈಗಲೂ ಹಾಡುತ್ತಾರೆ.)

1924ರಲ್ಲಿ ಫೆರ್ನಾಂದ್ ಮಾಯೆ ಅನ್ನುವ ಪಾದ್ರಿ ಈ ತಂಡ ವಹಿಸಿಕೊಂಡರು. ಮುಂದೆ ಹಡಗು ಹತ್ತಿ, ರೈಲು ಹತ್ತಿ ಹುಡುಗರನ್ನು ದೇಶ ದೇಶ ತಿರುಗಿಸಿದರು. ಎರಡನೇ ಮಹಾಯುದ್ಧದ ಕೊನೆಗೆ ಇಂಥ ತಂಡಗಳನ್ನೆಲ್ಲ ಒಂದು ಮಾಡುವ ‘ಪುವೇರಿ ಕಾಂತೋರೆಸ್’ ಒಕ್ಕೂಟ ಕಟ್ಟಿದವರೂ ಅವರೇ. 1947ರಲ್ಲಿ ಪ್ಯಾರಿಸ್ಸಿನಲ್ಲಿ ಅದರ ಮೊದಲ ಅಂತರರಾಷ್ಟ್ರೀಯ ಸಮಾವೇಶ ಆಯಿತು. ಬಿಳಿ ಅಂಗಿ, ಮರದ ಶಿಲುಬೆಯ ಜೋಡಿ ಹೀಗೆ ಊರೂರಿಗೆ ಹರಡಿತು. ನೀವು ನೋಡಿದ ವಿಡಿಯೋ ಯಾವ ತಂಡದ್ದೇ ಇರಲಿ, ಬೇರು ಅಲ್ಲಿದೆ.

ಹೊಲಿಯುವವಳಾಗಿ ಇನ್ನೊಂದು ಮಾತು ಹೇಳಲೇಬೇಕು. ಆ ನಿಲುವಂಗಿಯ ಕಟಿಂಗು ನೋಡಿ. ಭುಜದಿಂದ ಪಾದದವರೆಗೆ ಒಂದೇ ಇಳಿತ, ಉದ್ದ ಸಡಿಲ ತೋಳು, ಸೊಂಟಕ್ಕೆ ಒಂದು ಹುರಿ. ದಪ್ಪ ಹುಡುಗ, ಸಣಕಲ ಹುಡುಗ ಇಬ್ಬರಿಗೂ ಅದೇ ಅಂಗಿ. ಉದ್ದ ಒಂದನ್ನು ನೋಡಿಕೊಂಡರೆ ಸಾಕು. ಒಳಗಿನ ಅಂಗಿ ಹರಿದಿದ್ದರೂ ಹೊರಗೆ ಗೊತ್ತಾಗುವುದಿಲ್ಲ. ಫ್ರಾನ್ಸಿನಲ್ಲಿ ಮೊದಲು ಮಕ್ಕಳ ಕಮ್ಯುನಿಯನ್ ಹಬ್ಬಕ್ಕೆ, ಅಂದರೆ ಚರ್ಚಿನಲ್ಲಿ ಪ್ರಸಾದ ತೆಗೆದುಕೊಳ್ಳುವ ಹಬ್ಬಕ್ಕೆ, ಶ್ರೀಮಂತರ ಮನೆಯ ಹುಡುಗರು ಹೊಸ ಸೂಟು ಹೊಲಿಸಿ ತೋಳಿಗೆ ಬಿಳಿ ಪಟ್ಟಿ ಕಟ್ಟಿಕೊಂಡು ಬರುತ್ತಿದ್ದರು, ಹುಡುಗಿಯರು ಮದುಮಗಳ ಥರ. ಬಡವರು ಸಾಲ ಮಾಡಬೇಕಿತ್ತು. ಯುದ್ಧ ಮುಗಿದ ಮೇಲಿನ ವರ್ಷಗಳಲ್ಲಿ ಚರ್ಚಿನವರು ಎಲ್ಲ ಮಕ್ಕಳಿಗೂ ಇದೇ ‘ಓಬ್’ ಹಾಕಿಸುವುದಕ್ಕೆ ಶುರು ಮಾಡಿದರು. ಯಾರ ಮನೆ ಎಂಥದ್ದು ಅನ್ನುವುದು ಅಂಗಿಯಲ್ಲಿ ಕಾಣದೇ ಹೋಯಿತು.

ಅಕ್ಕಾ, ನನ್ನ ಮಗನಿಗೆ 12 ವರ್ಷ. ಗ್ಯಾದರಿಂಗಿಗೆ ಚಡ್ಡಿ ಹಾಕು ಅಂದರೆ ಅಳುತ್ತಾನೆ. ಆ ಫ್ರೆಂಚ್ ಹುಡುಗರು ಅಷ್ಟು ಎತ್ತರ ಬೆಳೆದರೂ ಚಡ್ಡಿಯಲ್ಲೇ ನಿಂತು ಹಾಡುತ್ತಾರಲ್ಲ, ಅವರಿಗೆ ನಾಚಿಕೆ ಅನ್ನಿಸುವುದಿಲ್ಲವಾ?
– ಒಬ್ಬ ತಾಯಿ, ಜಮಖಂಡಿ

ತಂಗಿ, ಆ ಕಾಲದಲ್ಲಿ ಅದು ನಾಚಿಕೆಯ ಬಟ್ಟೆ ಆಗಿರಲಿಲ್ಲ. 1950ರ ದಶಕದವರೆಗೂ ಫ್ರಾನ್ಸಿನ ಹುಡುಗರೆಲ್ಲ ಹನ್ನೆರಡು ಹದಿಮೂರರವರೆಗೆ ಚಡ್ಡಿಯಲ್ಲೇ ಓಡಾಡಿದವರು. ಚಳಿಗಾಲದಲ್ಲಿ ಕೂಡ. ಮೊಣಕಾಲವರೆಗೆ ಉಣ್ಣೆಯ ಕಾಲುಚೀಲ ಎಳೆದುಕೊಂಡು ಶಾಲೆಗೆ ಹೋಗುತ್ತಿದ್ದರು. ಅಂಗಿಯ ಮೇಲೆ ಒಂದು ಉದ್ದ ಮೇಲಂಗಿ, ಶಾಯಿ ಬಿದ್ದರೆ ಕೆಳಗಿನ ಬಟ್ಟೆ ಕೆಡಬಾರದು ಅಂತ. ಉದ್ದ ಪ್ಯಾಂಟು ಅನ್ನುವುದು ದೊಡ್ಡವನಾದ ಗುರುತು. ನಮ್ಮಲ್ಲಿಯೂ ಹಿಂದೆ ಚೊಣ್ಣ ಬಿಟ್ಟು ಧೋತರ ಉಡುವ ದಿನ ಅಂತ ಒಂದು ಇರುತ್ತಿತ್ತು, ನಿಮ್ಮ ಮನೆಯ ಹಿರಿಯರನ್ನು ಕೇಳಿ ನೋಡಿ.

ಅದರ ಜೊತೆ ಸ್ಕೌಟು ಕೂಡ ಸೇರಿತು. 1920ರಲ್ಲಿ ಅಲ್ಲಿನ ಕ್ಯಾಥೊಲಿಕ್ ಸ್ಕೌಟ್ ಸಂಘ ಶುರುವಾಯಿತು, ಚಡ್ಡಿ ಅವರ ಸಮವಸ್ತ್ರ. ಹಾಡುವ ತಂಡದ ಹುಡುಗರೂ ಊರೂರು ತಿರುಗುವವರು, ಬಸ್ಸಿನಲ್ಲಿ ಮಲಗುವವರು, ಯಾರದೋ ಮನೆಯಲ್ಲಿ ಉಳಿಯುವವರು. ಮಣ್ಣಾದರೆ ಮೊಣಕಾಲು ತೊಳೆದರೆ ಮುಗಿಯಿತು, ಪ್ಯಾಂಟು ಒಗೆಯುವ ಕೆಲಸ ಇಲ್ಲ.

ನನಗೆ ಇದರಲ್ಲಿ ಮನಸ್ಸಿಗೆ ತಾಗುವ ಸಂಗತಿ ಬೇರೆಯೇ ಇದೆ. ಚಡ್ಡಿ ಬಿಡುವ ವಯಸ್ಸೂ, ದನಿ ಒಡೆಯುವ ವಯಸ್ಸೂ ಹತ್ತಿರ ಹತ್ತಿರ. ಗಂಟಲಿನ ಗೂಡು ಬೆಳೆಯುತ್ತದೆ, ದನಿಯ ಎಳೆಗಳು ಉದ್ದ ಆಗುತ್ತವೆ, ಮೇಲಿನ ಸ್ವರ ಕೈಕೊಡುತ್ತದೆ. ಉದ್ದ ಪ್ಯಾಂಟು ಸಿಗುವ ಹೊತ್ತಿಗೆ ಆ ಎಳೆ ದನಿ ಹೋಗಿರುತ್ತದೆ. ಊರಿನವರು ಹುಡುಗರನ್ನು ಪ್ಯಾಂಟಿನಲ್ಲಿ ನೋಡುವುದಕ್ಕೆ ಶುರು ಮಾಡಿದ ಮೇಲೂ ತಂಡದವರು ಚಡ್ಡಿಯನ್ನು ಬಹಳ ವರ್ಷ ಇಟ್ಟುಕೊಂಡದ್ದು ಇದೇ ಕಾರಣಕ್ಕೆ ಇರಬೇಕು ಅಂತ ನನ್ನ ಎಣಿಕೆ. ಹುಡುಗುತನ ಇನ್ನೊಂದು ವರ್ಷ ಉಳಿಯಲಿ ಅಂತ.

ಆದರೆ ನಿಮ್ಮ ಮಗನಿಗೆ ಪ್ಯಾಂಟೇ ಕೊಡಿಸಿ. ಎಷ್ಟೋ ಫ್ರೆಂಚ್ ತಂಡಗಳೂ ಈಗ ಉದ್ದ ಪ್ಯಾಂಟಿಗೆ ಬಂದಿವೆ. ಮೈ ಮೇಲಿನ ಬಟ್ಟೆಯ ಚಿಂತೆಯಲ್ಲಿ ನಿಂತ ಹುಡುಗ ಬಾಯಿ ತೆರೆದು ಹಾಡುವುದಿಲ್ಲ. ಅಳಿಸಿ ಸ್ಟೇಜಿಗೆ ಕಳಿಸಬೇಡಿ.

ಮೇಡಂ, ವಿಯೆನ್ನಾದ ಹುಡುಗರು ನಾವಿಕರ ಥರ ಅಂಗಿ ಹಾಕುತ್ತಾರೆ, ಇಂಗ್ಲೆಂಡಿನವರು ಕೆಂಪು ಗೌನು. ಎಲ್ಲರದ್ದೂ ಚರ್ಚಿನ ಹಾಡೇ ಆದರೂ ಬಟ್ಟೆ ಇಷ್ಟು ಬೇರೆ ಬೇರೆ ಹೇಗಾಯಿತು? ನಿಮಗೆ ಯಾವುದು ಇಷ್ಟ?
– ಬಿ.ಎ. ವಿದ್ಯಾರ್ಥಿ, ವಿಜಯಪುರ

ಯಾರು ಅನ್ನ ಹಾಕಿದರೋ ಅವರ ಬಟ್ಟೆ, ಅಷ್ಟೇ. ವಿಯೆನ್ನಾದ ತಂಡ 1498ರಲ್ಲಿ ಆಸ್ಟ್ರಿಯಾದ ಅರಮನೆಗಾಗಿ ಹುಟ್ಟಿದ್ದು. ರಾಜರ ಕಾಲ ಇರುವವರೆಗೆ ಆ ಹುಡುಗರು ಅರಮನೆಯ ಸಮವಸ್ತ್ರ ಹಾಕಿ, ಸೊಂಟಕ್ಕೆ ಕತ್ತಿ ಸಿಕ್ಕಿಸಿಕೊಂಡು ನಿಲ್ಲುತ್ತಿದ್ದರು. 1918ರಲ್ಲಿ ಸಾಮ್ರಾಜ್ಯ ಮುಗಿಯಿತು. 1924ರಲ್ಲಿ ಜೋಸೆಫ್ ಷ್ನಿಟ್ ಅನ್ನುವ ಪಾದ್ರಿ ತಂಡವನ್ನು ಮತ್ತೆ ಎಬ್ಬಿಸಿ ನಿಲ್ಲಿಸಿದರು. ಕತ್ತಿ ಹೋಯಿತು, ನಾವಿಕರ ಅಂಗಿ ಬಂತು. ಆಗ ಯುರೋಪಿನ ಒಳ್ಳೆಯ ಮನೆಗಳ ಮಕ್ಕಳೆಲ್ಲ ಹಬ್ಬಕ್ಕೆ ಅದನ್ನೇ ಹಾಕುತ್ತಿದ್ದರು. ಅದರ ಬೇರು ಇಂಗ್ಲೆಂಡಿನಲ್ಲಿ. 1846ರಲ್ಲಿ ವಿಕ್ಟೋರಿಯಾ ರಾಣಿ ತನ್ನ ನಾಲ್ಕು ವರ್ಷದ ಮಗನಿಗೆ ನಾವಿಕರ ಉಡುಪಿನದೇ ಒಂದು ಪುಟ್ಟ ಜೋಡಿ ಹೊಲಿಸಿದಳು, ಅದರಲ್ಲಿ ಅವನ ಚಿತ್ರ ಬರೆಸಿದಳು, ಅಲ್ಲಿಂದ ಫ್ಯಾಷನ್ ಹಬ್ಬಿತು. ಕೇಂಬ್ರಿಜ್ಜಿನ ಕಿಂಗ್ಸ್ ಕಾಲೇಜಿನಲ್ಲಿ 16 ಹುಡುಗರು. ಒಳಗೆ ಕೆಂಪು ನಿಲುವಂಗಿ, ಅದರ ಮೇಲೆ ಸಡಿಲ ಬಿಳಿ ಮೇಲಂಗಿ. ಕೆಂಪು ಯಾಕೆಂದರೆ ಆ ಕಾಲೇಜು ಕಟ್ಟಿಸಿದವರು ರಾಜರು.

ಹೀಗೆ ಒಂದರಲ್ಲಿ ಅರಮನೆ, ಒಂದರಲ್ಲಿ ದೊಡ್ಡ ಮನೆತನ. ಫ್ರೆಂಚ್ ಅಂಗಿಯಲ್ಲಿ ಇವೆರಡೂ ಇಲ್ಲ. ಹಾಗಾಗಿ ನನಗೆ ಅದೇ ಇಷ್ಟ, ಸಂಶಯವೇ ಇಲ್ಲ. ಇನ್ನೊಂದು ಗಮನಿಸಿ. ಫ್ರಾನ್ಸಿನ ಸರ್ಕಾರಿ ಶಾಲೆಗಳಲ್ಲಿ ಸಾಮಾನ್ಯವಾಗಿ ಯೂನಿಫಾರ್ಮ್ ಇಲ್ಲ. 2024ರಲ್ಲಿ ಸುಮಾರು 100 ಶಾಲೆಗಳಲ್ಲಿ ಪ್ರಯೋಗಕ್ಕೆ ಅಂತ ಶುರು ಮಾಡಿದರು, ಅದಕ್ಕೇ ದೇಶ ತುಂಬ ಚರ್ಚೆ ಆಯಿತು. ಅಂಥ ಊರಿನ ಹುಡುಗನಿಗೆ ತಂಡದ ಅಂಗಿ ಅಂದರೆ ಜೀವನದ ಮೊದಲ ಸಮವಸ್ತ್ರ. ನಮ್ಮ ಹುಡುಗರು ಒಂದನೇ ತರಗತಿಯಿಂದ ಸಮವಸ್ತ್ರದಲ್ಲೇ ಇರುತ್ತಾರೆ, ಅವರಿಗೆ ಆ ಹೊಸತನ ಗೊತ್ತಾಗುವುದು ಕಷ್ಟ.

ಹುಡುಗಿಯರಿಗೆ ಈ ತಂಡಗಳಲ್ಲಿ ಜಾಗ ಇಲ್ಲವೇ?
– ಎರಡು ಹೆಣ್ಣುಮಕ್ಕಳ ತಂದೆ, ವಿಜಯಪುರ

ಹುಡುಗರದ್ದೇ ಅಂತ ಉಳಿದ ತಂಡಗಳೂ ಇವೆ, ಇಬ್ಬರನ್ನೂ ಕೂಡಿಸಿಕೊಂಡವೂ ಇವೆ. ಪ್ಯಾರಿಸ್ಸಿನ ನೋತ್ರ್ ದಾಮ್ ಚರ್ಚಿನ ಹಾಡಿನ ಶಾಲೆಯಲ್ಲಿ ಹುಡುಗ ಹುಡುಗಿ ಇಬ್ಬರೂ ಕಲಿಯುತ್ತಾರೆ. ಆ ಚರ್ಚಿಗೆ 2019ರ ಏಪ್ರಿಲ್ 15ರಂದು ಬೆಂಕಿ ಬಿದ್ದದ್ದು ಟಿವಿಯಲ್ಲಿ ನೋಡಿದ್ದೀರಿ. ಮರುವರ್ಷ, 2020ರ ಕ್ರಿಸ್‌ಮಸ್ಸಿಗೆ, ಆ ಶಾಲೆಯ ದೊಡ್ಡ ವಯಸ್ಸಿನ ಗಾಯಕರಲ್ಲಿ ಕೆಲವರು ಸುಟ್ಟ ಚರ್ಚಿನೊಳಗೆ ಹೋಗಿ ಹಾಡಿದರು. ಮೇಲಿಂದ ಏನಾದರೂ ಬಿದ್ದೀತು ಅಂತ ತಲೆಗೆ ಹೆಲ್ಮೆಟ್ಟು, ಮೈಗೆ ಕೆಲಸಗಾರರ ಉಡುಪು. ನೂರಾರು ವರ್ಷ ನಿಲುವಂಗಿಗಳನ್ನು ನೋಡಿದ ಕಲ್ಲುಗಳ ನಡುವೆ ಆವತ್ತು ಅದೇ ಸಮವಸ್ತ್ರ. ನಾನು ನೋಡಿದ ಎಲ್ಲ ಗಾಯನ ಉಡುಪಿನಲ್ಲಿ ಮನಸ್ಸಿನಿಂದ ಹೋಗದೇ ಉಳಿದದ್ದು ಅದು. 2024ರ ಡಿಸೆಂಬರಿನಲ್ಲಿ ಚರ್ಚು ಮತ್ತೆ ತೆರೆಯಿತು.

ಅಕ್ಕಾವರೆ, ನಮ್ಮ ಶಾಲೆಯ 28 ಹುಡುಗರು ವಚನ ಹಾಡುತ್ತಾರೆ. ನಿಮ್ಮ ಲೇಖನ ಓದಿ ಕಮಿಟಿಯ ಒಬ್ಬರು ಬಿಳಿ ಗೌನೇ ಹೊಲಿಸೋಣ ಅಂತಿದ್ದಾರೆ. ಇನ್ನೊಬ್ಬರು ಜರಿಯ ಶೇರವಾನಿ ಬಾಡಿಗೆಗೆ ತರೋಣ ಅಂತಾರೆ. ನೇಕಾರರ ಮಕ್ಕಳೇ ಜಾಸ್ತಿ, ಖರ್ಚು ತಡೆಯುವುದಿಲ್ಲ. ಏನು ಮಾಡಲಿ?
– ಶಿಕ್ಷಕಿ, ಶಹಾಪುರ, ಬೆಳಗಾವಿ

ಎರಡೂ ಬೇಡ ಟೀಚರ್. ಆ ಬಿಳಿ ನಿಲುವಂಗಿ ಅವರ ಪೂಜೆಯ ಬಟ್ಟೆ. ನಮ್ಮ ಲಿಂಗಪೂಜೆಯ ಮಡಿಯನ್ನು ಬೇರೆ ಯಾರೋ ಚೆಂದ ಕಾಣುತ್ತದೆ ಅಂತ ಸ್ಟೇಜಿಗೆ ಹಾಕಿದರೆ ನಮಗೆ ಹೇಗೆ ಅನ್ನಿಸುತ್ತದೆ? ಅಂಗಿ ಅವರದ್ದು ಅವರಿಗಿರಲಿ. ಅದರ ಹಿಂದಿನ ಬುದ್ಧಿ ತೆಗೆದುಕೊಳ್ಳಿ. ಶೇರವಾನಿಯಂತೂ ಹಾಡುವ ಮಕ್ಕಳಿಗೆ ಶಿಕ್ಷೆ. ಬಿಗಿ ಕಾಲರು, ಒಳಗೆ ಲೈನಿಂಗು, ಗಟ್ಟಿ ನಿಲ್ಲಲಿ ಅಂತ ಹಾಕುವ ಬಿರುಸು ಬಟ್ಟೆ ಬಕ್ರಂ, ಎದೆಯವರೆಗೆ ಗುಂಡಿ. ಬೇಸಿಗೆಯ ಕಾರ್ಯಕ್ರಮದಲ್ಲಿ ಮೇಲೆ ಲೈಟು ಬೇರೆ. ಉಸಿರು ಎಲ್ಲಿಂದ ಬರಬೇಕು?

ಇದನ್ನು ನಾನು ಪೆಟ್ಟು ತಿಂದು ಕಲಿತೆ. ಸುಮಾರು ಹದಿನೈದು ವರ್ಷದ ಹಿಂದೆ ಕ್ಯಾಂಪ್ ಕಡೆಯ ಒಂದು ಚರ್ಚಿನ ಫಾದರ್ ಒಂದು ಹಳೆಯ ಕಪ್ಪು-ಬಿಳಿ ಫೋಟೋ ತಂದು, ಕ್ರಿಸ್‌ಮಸ್ಸಿಗೆ 22 ಹುಡುಗರಿಗೆ ಇಂಥದೇ ನಿಲುವಂಗಿ ಹೊಲಿದುಕೊಡಿ ಅಂದರು. ಫ್ರೆಂಚ್ ತಂಡದ ಪರಿಚಯ ನನಗೆ ಆದದ್ದೇ ಆ ಫೋಟೋದಿಂದ. ನಾನು ಇಸ್ತ್ರಿ ನಿಲ್ಲಲಿ ಅಂತ ಟೆರಿಕಾಟ್ ತಂದೆ, ಕುತ್ತಿಗೆ ಚೆಂದ ಕೂಡಲಿ ಅಂತ ಬಕ್ರಂ ಹಾಕಿ ನಿಲ್ಲುವ ಕಾಲರು ಮಾಡಿದೆ. ನೋಡುವುದಕ್ಕೆ ಅರಳಿದ ಮಲ್ಲಿಗೆಯ ಹಾಗೆ ಇದ್ದವು. ಹಾಡು ಶುರುವಾಯಿತು. ಮೇಲಿನ ಸ್ವರಕ್ಕೆ ಹೋಗುವಾಗ ಮಕ್ಕಳು ಗಲ್ಲ ಎತ್ತುತ್ತಾರೆ, ಆಗ ಕಾಲರು ಗಂಟಲಿಗೆ ಒತ್ತುತ್ತದೆ, ಇದು ನನ್ನ ತಲೆಗೇ ಹೊಳೆದಿರಲಿಲ್ಲ. ಮೂರನೇ ಹಾಡಿನಲ್ಲಿ ಮುಂದಿನ ಸಾಲಿನ ಒಬ್ಬ ಸಣ್ಣ ಹುಡುಗ ಕಾಲರಿನೊಳಗೆ ಬೆರಳು ಹಾಕಿ ಎಳೆದು ಹಿಡಿದುಕೊಂಡೇ ಹಾಡಿದ. ಅವನ ಬೆರಳಿನ ತುದಿ ಬಿಳುಚಿಕೊಂಡಿತ್ತು. ನಾನು ಹಿಂದಿನ ಬೆಂಚಿನಲ್ಲಿ ಕೂತು ಹಾಡು ಕೇಳಲೇ ಇಲ್ಲ, ಆ ಬೆರಳನ್ನೇ ನೋಡುತ್ತ ಕೂತೆ. ಮರುವರ್ಷ 22 ಅಂಗಿಯ ಕಾಲರೂ ಬಿಚ್ಚಿ, ದುಂಡು ಕುತ್ತಿಗೆ ಮಾಡಿ, ಎರಡು ಬೆರಳು ಸಲೀಸಾಗಿ ಹೋಗುವಷ್ಟು ಸಡಿಲ ಬಿಟ್ಟು ಹೊಲಿದುಕೊಟ್ಟೆ. ದುಡ್ಡು ತೆಗೆದುಕೊಳ್ಳಲಿಲ್ಲ.

ಆವತ್ತು ಇನ್ನೊಂದು ಆಯಿತು. ಹಾಡು ಶುರುವಾಗುವ ಮುಂಚೆ ಹುಡುಗರು ಸಾಲಾಗಿ ನಿಂತಾಗ ನೋಡುತ್ತೇನೆ, ಮೇಲೆ ಎಲ್ಲ ಒಂದೇ ಬಿಳಿ, ಕೆಳಗೆ ಅಂಚಿನಿಂದ ಇಣುಕುವ ಕಾಲು ಮಾತ್ರ ಬೇರೆ ಬೇರೆ. ಒಬ್ಬನದ್ದು ಹೊಸ ಶೂ, ಒಬ್ಬನದ್ದು ಲೈಟ್ ಮಿಂಚುವ ಶೂ, ಒಬ್ಬನದ್ದು ಉಂಗುಷ್ಟಕ್ಕೆ ಪಿನ್ನು ಹಾಕಿದ ಹವಾಯಿ ಚಪ್ಪಲಿ. ಆ ಚಪ್ಪಲಿಯ ಹುಡುಗ ಬೆರಳು ಮಡಚಿ ಅಂಗಿಯೊಳಗೆ ಎಳೆದುಕೊಳ್ಳುತ್ತಿದ್ದ. ಹಾಡು ಕಲಿಸಿದ ಸಿಸ್ಟರ್ ಅದನ್ನು ನೋಡಿದರು. ಏನೂ ಹೇಳಲಿಲ್ಲ. ಒಳಗಿಂದ ಒಂದು ಜಮಖಾನೆ ತರಿಸಿ ಹಾಸಿದರು, ತಮ್ಮ ಚಪ್ಪಲಿ ಬಿಟ್ಟರು, ಎಲ್ಲರೂ ಬಿಡಿ ಅಂದರು. 22 ಹುಡುಗರೂ ಬರಿಗಾಲಲ್ಲಿ ಜಮಖಾನೆಯ ಮೇಲೆ ನಿಂತು ಹಾಡಿದರು. ಫ್ರಾನ್ಸಿನ ಚಳಿಯಲ್ಲಿ ಇದು ಆಗುವ ಮಾತಲ್ಲ. ನಮ್ಮಲ್ಲಿ ದೇವರ ಮುಂದೆ ಬರಿಗಾಲು ಸಹಜ. ನಿಮ್ಮ ಮಕ್ಕಳಿಗೂ ಶೂ ಕೇಳಬೇಡಿ. ಜಮಖಾನೆ ಹಾಸಿ.

ಈಗ ಅಂಗಿ. ಕೋರಾ ಬಣ್ಣದ ಹತ್ತಿ ಬಟ್ಟೆ ತನ್ನಿ, ಅಚ್ಚ ಬಿಳಿ ಬೇಡ, ಲೈಟಿಗೆ ಕಣ್ಣು ಕುಕ್ಕುತ್ತದೆ. ಸಿಂಥೆಟಿಕ್ ಬೇಡವೇ ಬೇಡ. ಬೆವರು ಹೀರುವುದಿಲ್ಲ, ಅಲ್ಲದೆ 28 ಹುಡುಗರು ಒಟ್ಟಿಗೆ ಕೈ ಎತ್ತಿದರೆ ಅದರ ಸರಸರ ಸದ್ದು ಮೈಕಿಗೆ ಬರುತ್ತದೆ. ನೇಕಾರರ ಓಣಿಯಲ್ಲೇ ಇದ್ದೀರಿ, ಬಟ್ಟೆ ನಿಮಗೆ ನಾನು ಹೇಳಿಕೊಡಬೇಕಿಲ್ಲ. ಮೊಣಕಾಲಿನವರೆಗಿನ ನೆಹರು ಶರ್ಟ್, ಕಾಲರಿಲ್ಲದ್ದು. ಒಬ್ಬನಿಗೆ ಎರಡೂವರೆ ಮೀಟರ್ ಅಂತ ಹಿಡಿದರೆ 28 ಜನಕ್ಕೆ 70 ಮೀಟರ್ ಆಯಿತು. ಕತ್ತರಿಸುವ ಮುಂಚೆ ಪೂರ್ತಿ ಬಟ್ಟೆಯನ್ನು ಒಂದು ರಾತ್ರಿ ನೀರಲ್ಲಿ ನೆನೆಸಿ ಒಣಗಿಸಿ, ಇಲ್ಲದಿದ್ದರೆ ಮೊದಲ ಒಗೆತಕ್ಕೇ ತೋಳು ಮೇಲೇರುತ್ತದೆ. ಮಾಪು ತೆಗೆಯುವಾಗ ಹುಡುಗನಿಗೆ ಜೋರಾಗಿ ಉಸಿರು ಎಳೆದು ಹಿಡಿದುಕೋ ಅಂತ ಹೇಳಿ, ಆಗ ಎದೆಯ ಅಳತೆ ಹಿಡಿಯಿರಿ. ಅದರ ಮೇಲೆ 4 ಇಂಚು ಸಡಿಲ. ಕೆಳಗೆ ಪೈಜಾಮ, ಲಾಡಿ ಹಾಕಿ, ಬೆಲ್ಟು ಬೇಡ. ಹಾಡುವಾಗ ಹೊಟ್ಟೆ ಮುಂದೆ ಬಂದು ಹಿಂದೆ ಹೋಗಬೇಕು.

ಚೆಂದಕ್ಕೆ ಗುಳೇದಗುಡ್ಡದ ಖಣ ಇದೆಯಲ್ಲ. ಕುತ್ತಿಗೆಯ ಪಟ್ಟಿಗೆ, ತೋಳಿನ ತುದಿಗೆ ಎರಡು ಬೆರಳಗಲ ಸಾಕು. ಒಂದು ಕುಪ್ಪಸದ ಖಣದಲ್ಲಿ ಎಂಟು ಹತ್ತು ಹುಡುಗರ ಪಟ್ಟಿ ಆಗುತ್ತದೆ, ಎಲ್ಲರಿಗೂ ಸೇರಿ ಮೂರು ನಾಲ್ಕು ಖಣ. ಎಲ್ಲರಿಗೂ ಒಂದೇ ಬಣ್ಣದ್ದು ಇರಲಿ. ಮುಂದೆ ನಿಂತು ಹಾಡುವವನಿಗೆ ಮಾತ್ರ ಬೇರೆ ಬಣ್ಣ ಅಂತ ಯಾರಾದರೂ ಹೇಳಿದರೆ ದಯವಿಟ್ಟು ಒಪ್ಪಬೇಡಿ.

ಅಂಗಿಗಳು ಶಾಲೆಯ ಆಸ್ತಿ ಆಗಿರಲಿ. ದೊಡ್ಡದು, ನಡುವಿನದ್ದು, ಸಣ್ಣದು ಅಂತ ಮೂರೇ ಅಳತೆಯಲ್ಲಿ ಹೊಲಿಸಿ, ತೋಳಿಗೂ ಅಂಚಿಗೂ 3 ಇಂಚು ಒಳಮಡಿಕೆ ಬಿಡಿ. ಟ್ರಂಕಿನಲ್ಲಿ ಒಣಗಿದ ಬೇವಿನ ಎಲೆ ಹಾಕಿ ಇಟ್ಟರೆ ಒಂದೊಂದು ಅಂಗಿ ಮೂರು ನಾಲ್ಕು ಹುಡುಗರಿಗೆ ಬರುತ್ತದೆ. ಯಾವ ತಾಯಿಯ ಹತ್ತಿರವೂ ದುಡ್ಡು ಕೇಳುವ ಪ್ರಮೇಯ ಬರಬಾರದು.

ಅಕ್ಕಾರ, ನನಗೆ 13 ವರ್ಷ. ನಾಲ್ಕು ವರ್ಷದಿಂದ ಶಾಲೆಯ ತಂಡದಲ್ಲಿ ಮುಂದಿನ ಸಾಲಿನಲ್ಲಿ ಹಾಡಿದ್ದೇನೆ. ಈಗ ದನಿ ಒಡೆಯುತ್ತಿದೆ. ಸರ್ ಈ ವರ್ಷ ಬೇಡ ಅಂದರು, ಅಂಗಿ ವಾಪಸ್ ತಂದುಕೊಡು ಅಂದಿದ್ದಾರೆ. ಆ ಅಂಗಿ ಅಂದರೆ ನನಗೆ ಬಹಳ ಪ್ರೀತಿ. ಕೊಡಲೇಬೇಕಾ?
– ಹುನಗುಂದದ ಹುಡುಗ

ತಮ್ಮಾ, ನಿನ್ನ ಪತ್ರವನ್ನು ಎರಡು ಸಲ ಓದಿದೆ.

ವಿಯೆನ್ನಾದ ಅರಮನೆ ತಂಡದಲ್ಲಿ ಫ್ರಾನ್ಸ್ ಶೂಬರ್ಟ್ ಅಂತ ಒಬ್ಬ ಹುಡುಗ ಇದ್ದ. ಶಾಲೆ ಮೇಷ್ಟ್ರ ಮಗ, ಮನೆಯಲ್ಲಿ ಬಡತನ. 1808ರಲ್ಲಿ ತಂಡಕ್ಕೆ ಸೇರಿ ನಾಲ್ಕು ವರ್ಷ ಹಾಡಿದ, ನಿನ್ನ ಹಾಗೇ. ದನಿ ಒಡೆದ ದಿನ ತಾನು ಹಾಡುತ್ತಿದ್ದ ಹಾಡಿನ ಹಾಳೆಯ ಮೇಲೆ ಬರೆದಿಟ್ಟ: ಶೂಬರ್ಟ್ ಫ್ರಾನ್ಸ್ ಕೊನೆಯ ಸಲ ಕೂಗಿದ, 26 ಜುಲೈ 1812. ಕೋಳಿ ಕೂಗುತ್ತದಲ್ಲ, ಆ ಮಾತನ್ನೇ ಬಳಸಿದ. ಆಗ ಅವನಿಗೆ 15. ಅವನೂ ಹಾಡುವ ಸಾಲು ಬಿಡಬೇಕಾಯಿತು. ಆಮೇಲೆ ಅವನು ರಾಗ ಕಟ್ಟಿದ ಹಾಡುಗಳೇ 600ಕ್ಕಿಂತ ಜಾಸ್ತಿ. ಹಾಡುವವರು ಇವತ್ತಿಗೂ ಹಾಡುತ್ತಿದ್ದಾರೆ.

ಸರ್ ಹತ್ತಿರ ಹೋಗಿ ಕೆಳಗಿನ ದನಿಯಲ್ಲಿ ಹಿಂದೆ ನಿಂತು ಹಾಡಲಾ ಅಂತ ಒಮ್ಮೆ ಕೇಳು. ಜರ್ಮನಿಯ ಲೈಪ್ಸಿಗ್ಗಿನಲ್ಲಿ 1212ರಿಂದ ನಡೆದು ಬಂದ ಒಂದು ತಂಡ ಇದೆ, ಅಲ್ಲಿ ದನಿ ಒಡೆದ ಹುಡುಗರು 18 ವರ್ಷದವರೆಗೂ ತಂಡದಲ್ಲೇ ಇದ್ದು ಗಂಡು ದನಿಯ ಭಾಗ ಹಾಡುತ್ತಾರೆ. ಅವರಿಲ್ಲದಿದ್ದರೆ ಸಣ್ಣವರ ಹಾಡಿಗೆ ನೆಲವೇ ಇಲ್ಲ. ಒಂದೆರಡು ತಿಂಗಳು ಮಾತ್ರ ಎತ್ತರದ ಸ್ವರಕ್ಕೆ ಎಳೆದಾಡಬೇಡ, ಚೀರಬೇಡ. ಮೆಲ್ಲಗೆ, ಕೆಳಗೆ ಹಾಡಿಕೋ.

ಅಂಗಿ ಮಾತ್ರ ಕೊಡು. ಯಾರ ಕೈಯಲ್ಲೋ ಕಳಿಸಬೇಡ, ಮುಂದೆ ಅದನ್ನು ಹಾಕುವ ಹುಡುಗ ಯಾರು ಅಂತ ಕೇಳಿ ತಿಳಿದುಕೊಂಡು ಅವನ ಕೈಗೇ ಕೊಡು. ಅದಕ್ಕೂ ಮುಂಚೆ ಒಮ್ಮೆ ಒಗೆಸು. ನಾಲ್ಕು ವರ್ಷದಲ್ಲಿ ನಿಮ್ಮವ್ವ ಅದರ ಅಂಚು ಬಿಚ್ಚಿ ಬಿಚ್ಚಿ ಉದ್ದ ಮಾಡಿರುತ್ತಾರೆ, ಹಳೆಯ ಹೊಲಿಗೆಯ ಗುರುತು ಕೆಳಗೆ ಗೆರೆ ಗೆರೆಯಾಗಿ ಕಾಣುತ್ತಿರುತ್ತದೆ. ಎಲ್ಲಕ್ಕಿಂತ ಮೇಲಿನ ಗೆರೆ ಹುಡುಕು. ಅಲ್ಲಿಗೇ ಮತ್ತೆ ಮಡಚಿ, ಕೈಯಲ್ಲೇ ದೊಡ್ಡ ಹೊಲಿಗೆ ಹಾಕು. ಬಂದ ಹುಡುಗ ಗಿಡ್ಡ ಇರುತ್ತಾನೆ.